ಗಂಗವ್ವನ ಬಾಯಿಗೆ ಅಡ್ಡ ಬರಬೇಡ

ಪ್ರಿಯ ತಂಗಿ,

ಕಥೆಗಳು ತಲುಪಿದವು. ಎರಡು ಸಲ ಓದಿದೆ. ಗದಗಿನ ಕಡೆ ಖಾನಾವಳಿ ನಡೆಸುವ ಆ ಗಂಗವ್ವ, ಉದ್ರಿ ಇಟ್ಟು ಓಡಿಹೋದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡು ಬೈಯುವ ಜಾಗ ಇದೆಯಲ್ಲ, ಅಲ್ಲಿ ನಕ್ಕುಬಿಟ್ಟೆ. ಜೊತೆಗಿಟ್ಟ ಪತ್ರದಲ್ಲಿ ಕೇಳಿದ್ದೀಯ: ಗಂಗವ್ವನ ಬಾಯಲ್ಲಿ ಬರೆದರೆ ಕೈ ಓಡುತ್ತದೆ, ನನ್ನ ಬಾಯಲ್ಲಿ ಬರೆಯಲು ಕೂತರೆ ಒಂದು ಸಾಲೂ ಏಳುವುದಿಲ್ಲ, ಇದು ಮೋಸವಲ್ಲವೇ ಸರ್, ಎಂದು.

ಮೋಸವೇನೂ ಇಲ್ಲ. ಬರೆಯುವವರೊಳಗೆ ಇನ್ನೊಬ್ಬರು ಬಂದು ಕೂರುವುದು ಹಳೆಯ ಕಥೆ. ನೀನು ಕೇಳಿಕೊಳ್ಳಬೇಕಾದದ್ದು ಬೇರೆ. ಗಂಗವ್ವ ನಿಜವಾಗಿ ಇನ್ನೊಬ್ಬ ಹೆಂಗಸೋ, ಇಲ್ಲಾ ನೀನೇ ಇಳಕಲ್ ಸೀರೆ ಉಟ್ಟು ಒಲೆ ಮುಂದೆ ಕೂತಿದ್ದೀಯೋ?

ಬರೀ ಕಾವ್ಯನಾಮದ ಮಾತು ನಾನು ಆಡುತ್ತಿಲ್ಲ. ಕುಳಕುಂದ ಶಿವರಾಯರು ನಿರಂಜನ ಆದರು, ಅನಸೂಯಾ ಶಂಕರ್ ತ್ರಿವೇಣಿ ಆದರು. ಹೆಸರು ಬದಲಾಯಿತು, ಇನ್ನೊಬ್ಬ ಮನುಷ್ಯ ಹುಟ್ಟಲಿಲ್ಲ. ವಚನಕಾರರ ಅಂಕಿತವನ್ನೂ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರನ್ನೂ, ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಚೆನ್ನಮಲ್ಲಿಕಾರ್ಜುನ ಅಕ್ಕನ ಇನ್ನೊಂದು ಹೆಸರಲ್ಲ. ಅಕ್ಕ ಯಾರನ್ನು ಎದುರಿಗಿಟ್ಟುಕೊಂಡು ಮಾತಾಡಿದಳೋ ಅವನು.

ಇನ್ನೊಬ್ಬ ಮನುಷ್ಯ ಹುಟ್ಟುವುದು ಹೇಗೆಂದು ನೋಡಬೇಕಾದರೆ ಜಿ.ಪಿ. ರಾಜರತ್ನಂ ಅವರನ್ನು ನೋಡು. ಬೌದ್ಧ, ಜೈನ ಸಾಹಿತ್ಯದ ಮೇಲೆ ಶ್ರದ್ಧೆಯಿಂದ ಪುಸ್ತಕ ಬರೆದ ವಿದ್ವಾಂಸ, ಕನ್ನಡ ಮೇಷ್ಟ್ರು, ಮಕ್ಕಳಿಗೆ ಬಣ್ಣದ ತಗಡಿನ ತುತ್ತೂರಿ ಕೊಟ್ಟವರು. ಅವರ ಒಳಗಿನಿಂದ 1930ರ ದಶಕದ ಮೊದಲಲ್ಲಿ ಯೆಂಡ್ಕುಡ್ಕ ರತ್ನ ತೂರಾಡಿಕೊಂಡು ಎದ್ದು ಬಂದ. ತಮ್ಮ ಹೆಸರಿನ ಅರ್ಧವನ್ನೇ ಹರಿದು ಅವನಿಗೆ ಕೊಟ್ಟಿದ್ದರು. ಆದರೆ ಮೇಷ್ಟ್ರ ನಾಲಿಗೆಯನ್ನು ಕೊಡಲಿಲ್ಲ. ರತ್ನನಿಗೆ ಹಕಾರ ಬರುವುದಿಲ್ಲ, ಮಹಾಪ್ರಾಣ ಗೊತ್ತಿಲ್ಲ, ಪ್ರಪಂಚ ಅವನಿಗೆ ಪರ್ಪಂಚ. ಅವನ ಆಸ್ತಿಯೆಲ್ಲ ಯೆಂಡ, ಯೆಂಡ್ತಿ, ಕನ್ನಡ್ ಪದಗೊಳ್ ಇಷ್ಟೇ. ದೇವರೇ ಬಂದು ಯೆಂಡ ಬಿಡು ಎಂದರೆ ಬಿಡುತ್ತಾನೆ, ಯೆಂಡ್ತಿಯನ್ನು ಬಿಡು ಎಂದರೂ ಬಿಡುತ್ತಾನೆ, ಕನ್ನಡ ಬಿಡು ಎಂದಾಗ ಮಾತ್ರ ದೇವರಿಗೇ ಸವಾಲು ಹಾಕುತ್ತಾನೆ. ಕನ್ನಡದ ಮೇಲೆ ರಾಜರತ್ನಂ ಅವರಿಗೂ ಅಷ್ಟೇ ಪ್ರೀತಿ ಇತ್ತು. ಆದರೆ ಅದನ್ನೇ ಮೇಷ್ಟ್ರಾಗಿ ಹೇಳಿದ್ದರೆ ನವೆಂಬರ್ ಭಾಷಣವಾಗುತ್ತಿತ್ತು. ಕುಡುಕನಿಗೆ ಕಳೆದುಕೊಳ್ಳಲು ಮರ್ಯಾದೆ ಇಲ್ಲ, ಹಾಗಾಗಿ ಆ ಮಾತು ಅವನ ಬಾಯಲ್ಲಿ ನಿಂತಿತು. ಮೇಷ್ಟ್ರಿಗೆ ಗೊತ್ತಿದ್ದ ಎಷ್ಟನ್ನು ರತ್ನನಿಂದ ಬಚ್ಚಿಟ್ಟಿದ್ದಾರೆ ಎಂಬುದನ್ನೊಮ್ಮೆ ಗಮನಿಸಿ ಓದು. ಕಸುಬು ಇರುವುದು ಅಲ್ಲಿ.

ಈಗ ನಿನ್ನ ಮೂರನೆಯ ಕಥೆಗೆ ಬರೋಣ. ಅಲ್ಲಿ ಗಂಗವ್ವ ಎಣಗಾಯಿಗೆ ಮಸಾಲೆ ತುಂಬುತ್ತ ತುಂಬುತ್ತ ‘ಬದುಕಿನ ಅಂತಿಮ ಶೂನ್ಯತೆ’ಯ ಬಗ್ಗೆ ಯೋಚಿಸುತ್ತಾಳೆ. ತಂಗೀ, ಅದು ನಿನ್ನ ಎಂ.ಎ. ಮಾತಾಡಿದ್ದು. ಶೂನ್ಯ ಅಂದರೆ ಗಂಗವ್ವನಿಗೆ ಸಂಜೆ ಹೊತ್ತಿನ ಗಲ್ಲಾಪೆಟ್ಟಿಗೆ. ಅವಳಿಗೂ ದೊಡ್ಡ ಯೋಚನೆಗಳು ಬರಲಿ, ಬರಬಾರದೆಂದು ಯಾರೂ ಹೇಳಿಲ್ಲ. ಬಂದರೆ ಜೋಳದ ರೇಟು, ಸತ್ತ ಗಂಡನ ಅಂಗಿ, ಸೊಸೆ ಬಡಿಯುವ ರೊಟ್ಟಿಯ ಸದ್ದು ಇವುಗಳ ದಾರಿಯಲ್ಲೇ ಬರಬೇಕು. ಇನ್ನೊಂದು ಕಡೆ, ಜಾತಿಯ ವಿಷಯದಲ್ಲಿ ಅವಳು ನಿನ್ನಷ್ಟೇ ಉದಾರಿ. ನನಗೆ ಅನುಮಾನ. ಒಳಪಂಕ್ತಿಗೆ ಯಾರನ್ನು ಕೂರಿಸುತ್ತಾಳೆ, ಹೊರಗಿನ ಕಟ್ಟೆಯ ಮೇಲೆ ಯಾರಿಗೆ ತಟ್ಟೆ ಇಡುತ್ತಾಳೆ, ಬರೆದು ನೋಡು. ಅವಳು ನಿನಗೆ ನಾಚಿಕೆ ತರಿಸುವಂಥದ್ದನ್ನು ಒಮ್ಮೆಯೂ ಮಾಡದಿದ್ದರೆ ಅವಳು ಇನ್ನೂ ಹುಟ್ಟಿಲ್ಲ.

ಲಂಕೇಶರು 1980ರಲ್ಲಿ ಪತ್ರಿಕೆ ಶುರು ಮಾಡಿದರಲ್ಲ, ಅದರಲ್ಲಿ ‘ಟೀಕೆ ಟಿಪ್ಪಣಿ’ ಎಂಬ ಅಂಕಣ ಬರೆದು ಮಂತ್ರಿಗಳ ನಿದ್ದೆ ಕೆಡಿಸುತ್ತಿದ್ದ ಕೈಯೇ ನೀಲು ಎಂಬ ಹೆಣ್ಣಿನ ಹೆಸರಲ್ಲಿ ನಾಲ್ಕಾರು ಸಾಲಿನ ಪದ್ಯಗಳನ್ನೂ ಬರೆಯುತ್ತಿತ್ತು. ಸಂಪಾದಕರಿಗೆ ದಕ್ಕದ ಮೆದು, ತುಂಟತನ, ಕಾಮ ಎಲ್ಲ ಅವಳಿಗೆ ದಕ್ಕಿದವು. ಇಬ್ಬರೂ ಒಂದೇ ಪತ್ರಿಕೆಯಲ್ಲಿ ಬಾಳಿದರು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕಲಿಲ್ಲ. ಬೇಂದ್ರೆಯವರದು ಇನ್ನೂ ಆಳದ ವ್ಯವಹಾರ: ಅಂಬಿಕೆಯ ಮಗ ದತ್ತ ಎಂದು ತಾಯಿಯ ಹೆಸರಿನಿಂದ ಕರೆಸಿಕೊಳ್ಳುವ ಕವಿಯೊಬ್ಬ ಒಳಗೆ, ಪಾಠ ಹೇಳುವ, ಜಗಳಾಡುವ, ಲೆಕ್ಕಾಚಾರ ಮಾಡುವ ಬೇಂದ್ರೆ ಹೊರಗೆ. ‘ನಾಕು ತಂತಿ’ಯಲ್ಲಿ ನಾನು, ನೀನು, ಆನು, ತಾನು ಎಂದು ನಾಲ್ಕಾಗಿ ಒಡೆದದ್ದು ಅದೇ ಮನೆಯ ಲೆಕ್ಕವಿರಬೇಕು ಎಂದು ನನ್ನ ಊಹೆ. ಆ ದಾರಿ ನನಗೆ ಸಿಕ್ಕಿಲ್ಲ, ಹಾಗಾಗಿ ನಿನಗೆ ತೋರಿಸಲಾರೆ.

ಪೋರ್ಚುಗಲ್‌ನ ಫೆರ್ನಾಂಡೊ ಪೆಸ್ಸೊವಾನ ಹೆಸರು ನಿನ್ನ ಪತ್ರದಲ್ಲೇ ಇದೆ. ಲಿಸ್ಬನ್ನಿನ ವ್ಯಾಪಾರಿ ಕಚೇರಿಗಳಲ್ಲಿ ವಿದೇಶಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಆತ ತನ್ನೊಳಗಿನವರಿಗೆ ಹೆಸರಷ್ಟೇ ಅಲ್ಲ, ಹುಟ್ಟು, ಓದು, ಉದ್ಯೋಗ, ಮೈಕಟ್ಟು ಎಲ್ಲ ಕೊಟ್ಟ. ಹೆಚ್ಚು ಓದದ, ಹಳ್ಳಿಯಲ್ಲಿ ಬಾಳಿದ ಅಲ್ಬೆರ್ತೊ ಕಯೆಯ್ರೊ, ವೈದ್ಯ ರಿಕಾರ್ದೊ ರೈಸ್, ಗ್ಲಾಸ್ಗೊದಲ್ಲಿ ಓದಿದ ಎಂಜಿನಿಯರ್ ಆಲ್ವರೊ ದ ಕಾಂಪೊಸ್. ಅವರು ಒಬ್ಬರ ಕವಿತೆಯನ್ನು ಇನ್ನೊಬ್ಬರು ಟೀಕಿಸುತ್ತಿದ್ದರು. 1914ರ ಮಾರ್ಚ್ 8ರಂದು ನಿಂತುಕೊಂಡೇ ಮೂವತ್ತಕ್ಕೂ ಹೆಚ್ಚು ಕವಿತೆ ಒಂದೇ ಸಮನೆ ಬರೆದೆ, ಅವತ್ತೇ ಕಯೆಯ್ರೊ ಹುಟ್ಟಿದ ಎಂದು 1935ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ನೀನು ಅದನ್ನು ಓದಿ ಮರುಳಾಗಿದ್ದೀಯ. ಸ್ವಲ್ಪ ತಡಿ. ಅವನ ಹಸ್ತಪ್ರತಿಗಳನ್ನು ಪರಿಶೀಲಿಸಿದ ವಿದ್ವಾಂಸರು ಆ ಕವಿತೆಗಳು ಬೇರೆಬೇರೆ ದಿನ ಬರೆದು ತಿದ್ದಿದವು ಎಂದು ತೋರಿಸಿದ್ದಾರೆ. ಆ ದಿವ್ಯ ದಿನವೂ ಅವನ ಒಂದು ಕಟ್ಟುಕಥೆ, ಸೊಗಸಾದದ್ದು. ಮೈಮೇಲೆ ಬರಲಿ ಎಂದು ಕಾಯುತ್ತ ಕೂರಬೇಡ; ಗಂಗವ್ವ ತಿದ್ದುವಾಗಲೂ ಬರುತ್ತಾಳೆ.

ಅದೇ ಕಾಂಪೊಸ್ ಪೆಸ್ಸೊವಾನ ಪ್ರೇಮದ ನಡುವೆಯೂ ತಲೆ ಹಾಕಿದ. ಒಫೀಲಿಯಾಳಿಗೆ ಪೆಸ್ಸೊವಾನ ಬದಲು ಅವನೇ ಕಾಗದ ಬರೆದದ್ದುಂಟು, ಅವಳಿಗೆ ಈ ಕಾಂಪೊಸ್‌ನನ್ನು ಕಂಡರಾಗುತ್ತಿರಲಿಲ್ಲ. ಓದಲು ತಮಾಷೆಯಾಗಿದೆ. ನೀನು ಮಾತ್ರ ಆ ಚಾಳಿಗೆ ಇಳಿಯಬೇಡ. ಅಮ್ಮನ ಮೇಲಿನ ಸಿಟ್ಟನ್ನು ಗಂಗವ್ವನ ಬಾಯಲ್ಲಿ ತೀರಿಸಿಕೊಂಡು ‘ನಾನಲ್ಲ, ಅವಳು’ ಎನ್ನುವುದು ಹೇಡಿತನ. ಎರಡನೆಯ ಕಥೆಯ ಕೊನೆಯ ಜಗಳದಲ್ಲಿ ನನಗೆ ಆ ವಾಸನೆ ಬಂತು.

ಮುದ್ದಣನನ್ನು ಮತ್ತೆ ತೆಗೆದು ಓದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ತನ್ನನ್ನು ಮುದ್ದಣ ಮಾಡಿಕೊಂಡು ಸುಮ್ಮನಾಗಲಿಲ್ಲ, ಎದುರಿಗೆ ಹೆಂಡತಿ ಮನೋರಮೆಯನ್ನು ಕೂರಿಸಿದರು. ಅವಳು ಪದ್ಯ ಬೇಡ, ಗದ್ಯ ಹೇಳು ಎನ್ನುತ್ತಾಳೆ. ಗಂಡ ಸಂಸ್ಕೃತದ ದೊಡ್ಡ ದೊಡ್ಡ ಪದ ಸುರಿದಾಗ ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು’ ಎಂದು ಛೇಡಿಸುತ್ತಾಳೆ. ಇಂಥವಳೊಬ್ಬಳು ನಿನ್ನ ಗಂಗವ್ವನಿಗೂ ಬೇಕು. ಈಗ ಅವಳು ಹೇಳಿದ್ದಕ್ಕೆಲ್ಲ ಖಾನಾವಳಿಯೇ ತಲೆಯಾಡಿಸುತ್ತದೆ. ಆ ಸೊಸೆ ಇದ್ದಾಳಲ್ಲ, ಕಥೆಯುದ್ದಕ್ಕೂ ರೊಟ್ಟಿ ಬಡಿಯುವುದು ಬಿಟ್ಟು ಬೇರೆ ಕೆಲಸವಿಲ್ಲದವಳು, ಅವಳಿಗೆ ಬಾಯಿ ಕೊಡು.

ಇನ್ನು ಪುಸ್ತಕದ ಮೇಲೆ ಯಾರ ಹೆಸರು ಎಂಬ ಪ್ರಶ್ನೆ. ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಯಾವುದೋ ಹಳೆಯ ಕವಿಯವೆಂಬಂತೆ ಮೈಸೂರಿಗೆ ಕಳಿಸಿದರು. 1901ರಲ್ಲಿ, ಮೂವತ್ತು ದಾಟಿದ ಹೊಸತರಲ್ಲೇ ಕ್ಷಯದಿಂದ ತೀರಿಕೊಂಡರು. ಬರೆದವರು ಇವರೇ ಎಂಬುದು ನಾಡಿಗೆ ಖಚಿತವಾಗುವ ಹೊತ್ತಿಗೆ ಅವರಿರಲಿಲ್ಲ. ಆದ್ದರಿಂದ ಹೊದಿಕೆಯ ಮೇಲೆ ನಿನ್ನ ಹೆಸರೇ ಇರಲಿ, ಗಂಗವ್ವ ಒಳಗಿರಲಿ. ಬೈಗುಳ ಬಂದರೆ ನಿನ್ನ ವಿಳಾಸಕ್ಕೇ ಬರಲಿ.

ಮೂರನೆಯ ಕಥೆಯನ್ನು ತಿದ್ದಿ ಕಳಿಸು. ಸೊಸೆ ಮಾತಾಡುವ ಭಾಗ ಮೊದಲು ಬರೆ. ಟೈಪ್ ಮಾಡುವವರು ‘ಹೊಟ್ಟಿ’ಯನ್ನು ‘ಹೊಟ್ಟೆ’ ಮಾಡಿದ್ದಾರೆ, ಐದಾರು ಕಡೆ. ಅದನ್ನು ಹಿಂದಕ್ಕೆ ಹಾಕಿಸು.

ಇಂತಿ,
ನಿನ್ನ ಅಣ್ಣ