ಮಗಳಿಗೊಂದು ಪತ್ರ: ಹಾಳೆಯಲ್ಲಿಲ್ಲದ ಹೆಸರುಗಳು

ಪ್ರೀತಿಯ ಪುಟ್ಟಿ,

ಅಪ್ಪನ ಮನೆತನದ ಹಳೇ ವಂಶವೃಕ್ಷ ನೋಡಿ ನೀನು, "ಇದರಲ್ಲಿ ಹೆಂಗಸರೇ ಇಲ್ವಲ್ಲಮ್ಮ" ಅಂದೆ. ಆ ಪ್ರಶ್ನೆ ಬಿಡಬೇಡ. ಜಮೀನು ಪಾಲಾಗುವಾಗ ಬರೆಸಿದ ಹಾಳೆ ಅದು. ಅಪ್ಪ, ಮಗ, ಮೊಮ್ಮಗ ಅಂತ ಇಳಿದು ಬಂದಿದೆ. ಹೆತ್ತ ತಾಯಂದಿರ ಹೆಸರು ಪಾಲಿಗೆ ಬೇಕಿರಲಿಲ್ಲ, ಬರೆಯಲೂ ಇಲ್ಲ.

ನಿನ್ನ ವಯಸ್ಸಿನವರ ಕೈಗೆ ಹೆಸರುಗಳ ಪಟ್ಟಿ ಕೊಟ್ಟು, "ಇದು ನಮ್ಮ ವಂಶ, ತಿಳ್ಕೋ" ಅಂದರೆ ಆಸಕ್ತಿ ಎಲ್ಲಿಂದ ಬರಬೇಕು? ಅವರದೇ ಒಂದು ಪ್ರಶ್ನೆ ಹುಟ್ಟಬೇಕು. ನಿನಗೆ ಹುಟ್ಟಿದೆ. ನನಗೆ ಅದೇ ಖುಷಿ.

ನನ್ನ ಅಮ್ಮನಿಂದ ಶುರು ಮಾಡು. ಅಜ್ಜಿ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು, ಗೊತ್ತಲ್ವಾ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ. ವಾಚು ಜೋಡಿಸುವ ಕೆಲಸದಲ್ಲಿ ಹೆಣ್ಣುಮಕ್ಕಳು ಬಹಳ ಇದ್ದರು. "ಆಗಿನ ಜೀವನ ಹೇಗಿತ್ತು ಅಜ್ಜಿ" ಅಂತ ಮಾತ್ರ ಕೇಳಬೇಡ. "ಚೆನ್ನಾಗಿತ್ತು ಕಣೇ" ಅಂತಾರೆ, ಅಲ್ಲಿಗೆ ಮುಗೀತು. ಮೊದಲ ಸಂಬಳ ಯಾರ ಕೈಗೆ ಕೊಟ್ಟಿರಿ? ಫ್ಯಾಕ್ಟರಿ ಬಸ್ಸು ಎಲ್ಲಿ ಹತ್ತುತ್ತಿದ್ದಿರಿ? ಪಕ್ಕದಲ್ಲಿ ಯಾರು ಕೂರುತ್ತಿದ್ದರು? ಹೀಗೆ ಕೇಳು. ಜಾಲಹಳ್ಳಿಯಲ್ಲೇ ಈಗ ಎಚ್‌ಎಂಟಿ ಮ್ಯೂಸಿಯಂ ಇದೆ, ಕರೆದುಕೊಂಡು ಹೋಗು. ಹಳೇ ಯಂತ್ರ ಕಂಡರೆ ಅವರ ಕೈಗೇ ನೆನಪು ಬರುತ್ತೆ. ರೆಕಾರ್ಡ್ ಮಾಡುವ ಮುಂಚೆ ಒಂದು ಮಾತು ಕೇಳು. ಬೇಡ ಅಂದ ಕಡೆ ನಿಲ್ಲಿಸು.

ಆಮೇಲೆ ಅಜ್ಜಿಯ ಅಮ್ಮ, ಅವರಮ್ಮ. ಅವರೆಲ್ಲ ಬೆಂಗಳೂರು ಪೇಟೆಯವರು. ತಾರೀಖು ಸಿಗೋದು ಕಷ್ಟ. "ಪ್ಲೇಗಿನ ವರ್ಷ ಹುಟ್ಟಿದ್ದು" ಅನ್ನೋ ಥರದ ಗುರುತು ಸಿಗುತ್ತೆ. ಬೆಂಗಳೂರಿಗೆ ದೊಡ್ಡ ಪ್ಲೇಗು ಬಂದದ್ದು 1898ರಲ್ಲಿ. ಆದರೆ ಆಮೇಲೂ ಮತ್ತೆ ಮತ್ತೆ ಬಂತು. ಹಾಗಾಗಿ ಒಂದೇ ಗುರುತು ನಂಬಬೇಡ. ಆಗ ಮನೆ ಎಲ್ಲಿತ್ತು, ಅವರಿಗಿಂತ ದೊಡ್ಡವರು ಯಾರು, ಅದನ್ನೂ ಕೇಳು. ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಪಕ್ಕದಲ್ಲೇ ಬರೆದಿಡು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರಿ.

ಅಪ್ಪನ ಕಡೆಗೆ ಹೆಳವರಿದ್ದಾರೆ. ರಾಣೆಬೆನ್ನೂರಿನ ಕಡೆ ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಬಾಗಿಲಲ್ಲಿ ನಿಂತು ಮನೆತನದ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳಿ, ಕಾಳುಕಡಿ ಪಡೆಯುತ್ತಿದ್ದವರು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಬಂದರು ಅನ್ನೋದೂ ಅವರಿಗೆ ಗೊತ್ತಿರುತ್ತೆ. ಶಾಲೆ, ಕಚೇರಿ ಇಲ್ಲದ ಕಾಲದಿಂದ ನಮ್ಮಂಥ ಸಾಮಾನ್ಯರ ಲೆಕ್ಕ ಇಟ್ಟವರು ಅವರು. ನನಗೆ ಅವರ ಬಗ್ಗೆ ಬಹಳ ಗೌರವ. ಈ ಸಲ ಬಂದರೆ ಫೋನ್ ಮಾಡಿ ಅಂತ ದೊಡ್ಡಪ್ಪನಿಗೆ ಹೇಳಿದ್ದೇನೆ. ನೀನೇ ಹೋಗು. ಹೆಣ್ಣುಮಕ್ಕಳ ಹೆಸರು ಕೇಳು, ಅವರನ್ನು ಯಾವ ಊರಿಗೆ ಕೊಟ್ಟರು ಅಂತಲೂ ಕೇಳು.

ನನ್ನ ಮುತ್ತಜ್ಜಿಯ ಹೆಸರು ನನಗೇ ಗೊತ್ತಿಲ್ಲ ಪುಟ್ಟಿ. ಭಾನುವಾರ ಅಜ್ಜಿ ಹತ್ತಿರ ಹೋದಾಗ ಮೊದಲು ಅದನ್ನು ಕೇಳಿ ನನಗೆ ಹೇಳು.

ನಿನ್ನ ಅಮ್ಮ