ಕೆಂಗಲ್ ಹನುಮಂತಯ್ಯನವರ ದೆಹಲಿಯ ವರ್ಷಗಳು

ನಮ್ಮ ಸಂಘದ ರಾಜ್ಯೋತ್ಸವ ಭಾಷಣಗಳಲ್ಲಿ ಕೆಂಗಲ್ ಹನುಮಂತಯ್ಯನವರ ಹೆಸರು ಬಂದೇ ಬರುತ್ತದೆ. ಆದರೆ ಅವರ ಕಥೆಯನ್ನು ನಾವು ಸಾಮಾನ್ಯವಾಗಿ 1956ಕ್ಕೇ ಮುಗಿಸಿಬಿಡುತ್ತೇವೆ. ಆಮೇಲೆ ಅವರು 1962ರಿಂದ 1977ರವರೆಗೆ ಬೆಂಗಳೂರನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದರೆಂಬುದು ಊರಿನವರಿಗೇ ಅಷ್ಟಾಗಿ ನೆನಪಿಲ್ಲ. (ಶಾಂತಿನಗರದ ಡಬಲ್ ರೋಡಿಗೆ ಅವರದೇ ಹೆಸರಿದೆ ಎಂಬುದನ್ನು ಅಲ್ಲಿ ದಿನವೂ ಬಸ್ಸು ಹಿಡಿಯುವವರಲ್ಲಿ ಎಷ್ಟು ಮಂದಿ ಬಲ್ಲರೋ!)

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿ, ವಕೀಲರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಅವರು 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಹಳೆಯ ಮೈಸೂರಿನ ಅನೇಕ ಶಾಸಕರು ಏಕೀಕರಣಕ್ಕೆ ಒಲ್ಲೆನೆಂದರೂ ಅವರು ಅದರ ಪರ ನಿಂತರು; ವಿಧಾನಸೌಧದ ವೆಚ್ಚಕ್ಕಾಗಿ ಟೀಕೆಯನ್ನೂ ಉಂಡರು. 1956ರ ಆಗಸ್ಟ್‌ನಲ್ಲಿ ಸ್ವಪಕ್ಷದವರೇ ಕೈಬಿಟ್ಟಾಗ ರಾಜೀನಾಮೆ ಕೊಡಬೇಕಾಯಿತು. ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಎಸ್. ನಿಜಲಿಂಗಪ್ಪನವರು.

ರಾಜ್ಯವನ್ನಾಳಿದವರು ದೆಹಲಿಯಲ್ಲಿ ನೂರಾರು ಸದಸ್ಯರಲ್ಲಿ ಒಬ್ಬರಾಗಿ ಕುಳಿತುಕೊಳ್ಳುವುದು ಸುಲಭವಲ್ಲ, ಎಷ್ಟೋ ಮಂದಿ ಅಲ್ಲಿ ಮಂಕಾಗಿಬಿಡುತ್ತಾರೆ. ಹನುಮಂತಯ್ಯನವರಿಗೆ ಮಾತ್ರ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದಂಥ ಕೆಲಸವೇ ಸಿಕ್ಕಿತು. ಕೇಂದ್ರ ಸರ್ಕಾರ 1966ರಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ರಚಿಸಿದಾಗ ಅವರು ಅದರ ಸದಸ್ಯರಾದರು. ಮರುವರ್ಷ ಅಧ್ಯಕ್ಷ ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾದಾಗ ಆ ಸ್ಥಾನ ಇವರಿಗೆ ಬಂತು. ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದವರು ಈಗ ಆ ಕೆಲಸ ಕಡತದಿಂದ ಕಡತಕ್ಕೆ ನಿಜವಾಗಿ ಹೇಗೆ ಸಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಇಡೀ ದೇಶಕ್ಕೆ ಅನ್ವಯಿಸಿ ಪರಿಶೀಲಿಸಬೇಕಾಯಿತು. ಕೇಂದ್ರ–ರಾಜ್ಯ ಸಂಬಂಧ, ಹಣಕಾಸಿನ ಆಡಳಿತ, ಸಿಬ್ಬಂದಿ ವ್ಯವಸ್ಥೆ ಹೀಗೆ ನಾನಾ ವಿಷಯಗಳ ಮೇಲೆ ಆಯೋಗ ಒಟ್ಟು 20 ವರದಿಗಳನ್ನು ಸಲ್ಲಿಸಿತು. ಲೋಕಪಾಲ, ಲೋಕಾಯುಕ್ತಗಳನ್ನು ಶಿಫಾರಸು ಮಾಡಿದ ವರದಿ ಮೊರಾರ್ಜಿಯವರ ಅಧ್ಯಕ್ಷತೆಯ ಕಾಲದ್ದಾದ್ದರಿಂದ ಅದರ ಕೀರ್ತಿಯನ್ನೆಲ್ಲ ಇವರಿಗೇ ಕಟ್ಟುವುದು ಅಭಿಮಾನವಾದೀತೇ ಹೊರತು ನ್ಯಾಯವಾಗದು. ಆದರೆ ಸಿಬ್ಬಂದಿ ವಿಷಯಗಳಿಗೆ ಪ್ರತ್ಯೇಕ ಇಲಾಖೆ ಬೇಕೆಂಬ ಸಲಹೆ ಇವರ ಅಧ್ಯಕ್ಷತೆಯಲ್ಲಿ ಬಂದದ್ದು, ಮತ್ತು ಆ ಇಲಾಖೆ 1970ರಲ್ಲೇ ಸ್ಥಾಪನೆಯಾಯಿತು.

ಅನಂತರ ಕೇಂದ್ರದಲ್ಲಿ ಕಾನೂನು ಖಾತೆ, 1971–72ರಲ್ಲಿ ರೈಲ್ವೆ ಖಾತೆ. ಅಧಿಕಾರದ ದೃಷ್ಟಿಯಿಂದ ಇವು ಆಯೋಗಕ್ಕಿಂತ ದೊಡ್ಡವಿರಬಹುದು. ನನ್ನ ಮಟ್ಟಿಗೆ ಆಯೋಗದ ವರ್ಷಗಳೇ ಹೆಚ್ಚು ತೂಕದವು, ಏಕೆಂದರೆ ಮುಖ್ಯಮಂತ್ರಿಯಾಗಿ ಕಚೇರಿಗಳ ಒಳಹೊರಗನ್ನು ಕಂಡ ಅನುಭವ ಅಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಅವರನ್ನು ಸೋಲಿಸಿದವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದ, ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆಯವರು. ಹನುಮಂತಯ್ಯನವರು 1980ರಲ್ಲಿ ತೀರಿಕೊಂಡರು.