ಹೈಸ್ಕೂಲಿನ ಹಳೇ ರಿಜಿಸ್ಟರ್‌ಗಳನ್ನು ರದ್ದಿಗೆ ಹಾಕಬೇಡಿ

ಸಂಪಾದಕರೇ,

ಕಳೆದ ತಿಂಗಳು ಅಣ್ಣನ ಜನ್ಮ ದಿನಾಂಕದ ದಾಖಲೆ ಬೇಕಾಗಿ ನಾವಿಬ್ಬರೂ ಓದಿದ ಸರ್ಕಾರಿ ಹೈಸ್ಕೂಲಿಗೆ ಹೋಗಿದ್ದೆ. ಸಣ್ಣ ತಾಲ್ಲೂಕು ಕೇಂದ್ರ. ಹೆಂಚಿನ ಉದ್ದನೆ ಕಟ್ಟಡ, ಎದುರಿಗೆ ಧ್ವಜದ ಕಟ್ಟೆ. ಹೊಸ ಕೊಠಡಿಗಳು ಬರುತ್ತವೆ ಅಂತ ಹಳೇ ಆಫೀಸ್ ರೂಮನ್ನು ಖಾಲಿ ಮಾಡುತ್ತಿದ್ದರು. ಜಗಲಿಯಲ್ಲಿ ನಾಲ್ಕೈದು ಗೋಣಿಚೀಲ ಇದ್ದವು. ಏನಿದು ಅಂತ ಕೇಳಿದೆ. ಹಳೇ ಹಾಜರಿ ಪುಸ್ತಕ, ಮಾರ್ಕ್ಸ್ ರಿಜಿಸ್ಟರ್, ಲಾಗ್ ಬುಕ್ಕು, ಗೆದ್ದಲು ಹಿಡಿದಿವೆ, ರದ್ದಿಗೆ ಹಾಕ್ತೀವಿ ಅಂದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಇರುವುದು ಒಬ್ಬ ಗುಮಾಸ್ತರು, ಎರಡು ಬೀರು. ದಾಖಲಾತಿ ರಿಜಿಸ್ಟರ್ ಶಾಶ್ವತ ದಾಖಲೆ ಆದ್ದರಿಂದ ಅದೊಂದು ಬೀರುವಿನೊಳಗೆ ಉಳಿದಿದೆ. ಉಳಿದದ್ದನ್ನು ಎಲ್ಲಿ ಇಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಆ ಚೀಲಗಳು ನನ್ನ ಕಣ್ಣಿಂದ ಹೋಗುತ್ತಿಲ್ಲ, ಅದಕ್ಕೇ ಈ ಪತ್ರ.

ದಾಖಲಾತಿ ರಿಜಿಸ್ಟರನ್ನು ಬರೀ ಟಿಸಿ ಕೊಡುವುದಕ್ಕೆ ಇರುವ ಪುಸ್ತಕ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಅಣ್ಣನ ಹೆಸರು ಹುಡುಕುತ್ತಾ ನಾಲ್ಕು ಪುಟ ತಿರುವಿದಾಗ ನಮ್ಮ ಊರೇ ಅದರೊಳಗೆ ಕೂತಿದೆ ಅನ್ನಿಸಿತು. ಹೆಸರು, ಹುಟ್ಟಿದ ದಿನ, ಜಾತಿ, ತಂದೆಯ ಕೆಲಸ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಒಂದೊಂದು ಸಾಲೂ ಒಂದೊಂದು ಮನೆ. ಹುಟ್ಟಿದ ದಿನದ ಕಾಲಂನಲ್ಲಿ ಸಾಲುಸಾಲಾಗಿ ಜೂನ್ 1, ಜೂನ್ 1 ಅಂತಲೇ ಇದೆ. ಅಪ್ಪ ಅಮ್ಮನಿಗೆ ತಾರೀಕು ಗೊತ್ತಿಲ್ಲದೆ, ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು ಶಾಲೆ ಶುರುವಾಗುವ ತಿಂಗಳನ್ನೇ ಹುಟ್ಟಿದ ದಿನ ಮಾಡಿ ಬರೆದುಕೊಂಡದ್ದು. ಆ ಮಕ್ಕಳು ದೊಡ್ಡವರಾಗಿ ಕೆಲಸ ಮಾಡಿ ನಿವೃತ್ತಿ ಆದದ್ದೂ ಅದೇ ತಾರೀಕಿನ ಲೆಕ್ಕದಲ್ಲೇ. ತಂದೆಯ ಕೆಲಸದ ಕಾಲಂನಲ್ಲಿ ಕೂಲಿ, ಬೇಸಾಯ, ನೇಯ್ಗೆ, ಚಮ್ಮಾರಿಕೆ, ಅಂಗಡಿ. 1974ರ ಭೂ ಸುಧಾರಣೆ ಕಾನೂನು ಬಂದ ಮೇಲೆ ಗೇಣಿದಾರರ ಮಕ್ಕಳು ಎಷ್ಟು ಜನ ಹೈಸ್ಕೂಲ್ ಮೆಟ್ಟಿಲು ಹತ್ತಿದರು ಅಂತ ಯಾರಾದರೂ ತಿಳಿಯಬೇಕಾದರೆ ನೋಡಬೇಕಾದ್ದು ಇಂಥ ಪುಸ್ತಕಗಳನ್ನೇ. ಬೆಂಗಳೂರಿನ ಯಾವ ಕಚೇರಿಯಲ್ಲೂ ಅದು ಇಷ್ಟು ಹತ್ತಿರದಿಂದ ಸಿಗುವುದಿಲ್ಲ.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1981ರ ಜೂನಿನಲ್ಲಿ. ನಮ್ಮ ಹಳ್ಳಿಯಿಂದ ಆರು ಕಿಲೋಮೀಟರ್. ನಾವು ನಾಲ್ಕು ಹುಡುಗಿಯರು ಒಟ್ಟಿಗೆ ನಡೆದು ಹೋಗುತ್ತಿದ್ದೆವು, ಮಳೆ ಬಂದರೆ ಪುಸ್ತಕ ಲಂಗದೊಳಗೆ, ಹಳ್ಳ ತುಂಬಿದರೆ ಅವತ್ತು ಶಾಲೆಯಿಲ್ಲ. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಒಬ್ಬರು ಕಟ್ಟೆ ಹತ್ತಿ ನಿಮ್ಮ ಪತ್ರಿಕೆಯ ತಲೆಬರಹಗಳನ್ನು ಓದಬೇಕಿತ್ತು. ನನ್ನ ಸರದಿ ಬಂದ ದಿನ ಕೈ ನಡುಗಿ ಪೇಪರ್ ಪಟಪಟ ಅಂತಿತ್ತು, ಅದು ಈಗಲೂ ಕಿವಿಯಲ್ಲಿದೆ. ಹಳ್ಳಿಗೆ ಪೇಪರ್ ಬರುತ್ತಿರಲಿಲ್ಲ, ನಾನು ಕೇಳಿಸಿಕೊಂಡದ್ದನ್ನು ಸಂಜೆ ಅಪ್ಪನಿಗೆ ಹೇಳುತ್ತಿದ್ದೆ.

ಮಾರನೇ ವರ್ಷ ಗೋಕಾಕ್ ಚಳವಳಿ. ವಿ.ಕೃ. ಗೋಕಾಕರ ಸಮಿತಿ 1981ರ ಆರಂಭದಲ್ಲೇ ವರದಿ ಕೊಟ್ಟಿತ್ತು, ಹೈಸ್ಕೂಲಿನಲ್ಲಿ ಕನ್ನಡವೇ ಮೊದಲ ಭಾಷೆ ಆಗಬೇಕು ಅಂತ. 1982ರಲ್ಲಿ ಡಾ. ರಾಜ್‌ಕುಮಾರ್ ಇಳಿದ ಮೇಲಂತೂ ನಮ್ಮ ಹತ್ತನೇ ಕ್ಲಾಸಿನ ಹುಡುಗರನ್ನು ಹಿಡಿಯುವವರೇ ಇರಲಿಲ್ಲ. ಈ ಚಳವಳಿ ಬಗ್ಗೆ ಬರೆದವರು ಸಾಹಿತಿಗಳ ಮಾತು, ಸಭೆ, ಸರ್ಕಾರದ ಆದೇಶ ಎಲ್ಲ ಬರೆದಿದ್ದಾರೆ. ಆದರೆ ಇಡೀ ಜಗಳ ಇದ್ದದ್ದೇ ಹೈಸ್ಕೂಲಿನ ಮಕ್ಕಳು ಯಾವ ಭಾಷೆ ಓದಬೇಕು ಅನ್ನುವುದರ ಬಗ್ಗೆ. ನಮ್ಮ ಶಾಲೆಯಲ್ಲಿ ಮೊದಲ ಭಾಷೆಯಾಗಿ ಕನ್ನಡದ ಬದಲು ಸಂಸ್ಕೃತ ತೆಗೆದುಕೊಂಡವರು ಭಾಷೆಯ ಪೀರಿಯಡ್ಡಿಗೆ ಬೇರೆ ಕೊಠಡಿಗೆ ಹೋಗುತ್ತಿದ್ದರು. ಒಂದೊಂದು ಶಾಲೆಯಲ್ಲಿ ಅಂಥವರು ಎಷ್ಟು ಜನ ಇದ್ದರು, ಆಮೇಲೆ ಎಷ್ಟಾಯಿತು ಅನ್ನುವುದು ಮಾರ್ಕ್ಸ್ ರಿಜಿಸ್ಟರಿನಲ್ಲಿ ಇರುತ್ತೆ. ಅದೇ ಈಗ ಗೋಣಿಚೀಲದಲ್ಲಿದೆ.

ಬಿಟ್ಟ ಕಾರಣದ ಕಾಲಂ ಬಗ್ಗೆ ಹೇಳದೆ ಇರಲಾರೆ. ನನ್ನ ಹೆಸರಿನಿಂದ ಮೂರು ಸಾಲು ಕೆಳಗೆ, ನಮ್ಮ ನಾಲ್ವರಲ್ಲಿ ಒಬ್ಬಳ ಹೆಸರಿದೆ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು ಅವಳು. ಒಂಬತ್ತನೇ ಕ್ಲಾಸಿನ ಮಧ್ಯೆ ಬಿಟ್ಟಳು. ಕಾರಣದ ಮುಂದೆ "ಮದುವೆ" ಅಂತ ಒಂದೇ ಪದ, ಕೆಂಪು ಶಾಯಿಯಲ್ಲಿ. ನಲವತ್ತು ವರ್ಷದ ಮೇಲೆ ಆ ಪದ ನೋಡಿ ಆಫೀಸಿನಲ್ಲೇ ಕಣ್ಣೀರು ಬಂತು. ಗುಮಾಸ್ತರು ಸುಮ್ನೆ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. ಅದೇ ಪುಟದಲ್ಲಿ ಇನ್ನೂ ಇಬ್ಬರ ಮುಂದೆ ಅದೇ ಪದ ಇತ್ತು. ಹುಡುಗರ ಮುಂದೆ "ಬಡತನ", "ಊರು ಬಿಟ್ಟಿದ್ದಾರೆ".

2006ರಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು, ಮುಂದೆ ಹುಡುಗರಿಗೂ ಬಂತು. 2002ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಶುರುವಾದ ಬಿಸಿಯೂಟ ಆಮೇಲೆ ಹೈಸ್ಕೂಲಿಗೂ ಬಂತು. ನಾವು ನಡೆದ ಅದೇ ರಸ್ತೆಯಲ್ಲಿ ಹುಡುಗಿಯರು ಗುಂಪಾಗಿ ಸೈಕಲ್ ತುಳಿದುಕೊಂಡು ಹೋಗುವುದನ್ನು ತವರಿಗೆ ಹೋದಾಗ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊರೊನಾ ಬಂದ ಮೇಲೆ ಸೈಕಲ್ ನಿಂತಿತು. ಸೈಕಲ್ ಬಂದಾಗ ಹುಡುಗಿಯರ ಸಂಖ್ಯೆ ಎಷ್ಟು ಏರಿತು, ನಿಂತಾಗ ದೂರದ ಹಳ್ಳಿಯವರು ಎಷ್ಟು ಜನ ಕಮ್ಮಿಯಾದರು, ಇದನ್ನು ವಾದ ಮಾಡಿ ತೀರ್ಮಾನಿಸಬೇಕಾಗಿಲ್ಲ. ಪ್ರತಿ ಹೈಸ್ಕೂಲಿನ ದಾಖಲಾತಿ ಮತ್ತು ಹಾಜರಿ ಪುಸ್ತಕ ತೆಗೆದು ಎಣಿಸಿದರೆ ಸಾಕು. ಹಾಗೆಯೇ 2021ರ ಎಸ್ಸೆಸ್ಸೆಲ್ಸಿ. ಆರು ವಿಷಯಗಳ ಪರೀಕ್ಷೆ ಎರಡೇ ದಿನದಲ್ಲಿ ಮುಗಿದ ವರ್ಷ ಅದು, ದಿನಕ್ಕೆ ಮೂರು ವಿಷಯ, ಉತ್ತರಕ್ಕೆ ಓಎಂಆರ್ ಹಾಳೆ. ಆ ಬ್ಯಾಚಿನ ಮಕ್ಕಳು ಹೇಗೆ ಓದಿದರು, ಯಾರ ಮನೆಯ ಮೊಬೈಲ್ ಹಿಡಿದು ಪಾಠ ಕೇಳಿದರು ಅನ್ನುವುದನ್ನು ಈಗ ಬರೆದಿಡದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಅದೂ ಹೋಗುತ್ತೆ.

ನಮ್ಮ ರಾಜ್ಯದ ಶಾಲೆಗಳ ಕಥೆ ಒಂದೇ ಥರ ಇಲ್ಲ ಅನ್ನುವುದನ್ನೂ ನೆನಪಿಡಬೇಕು. 1956ರ ನವೆಂಬರ್ 1ಕ್ಕೆ ಮೊದಲು ಹಳೇ ಮೈಸೂರಿನದು ಒಂದು ಪದ್ಧತಿ, ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡದ ಕಡೆ ಮುಲ್ಕಿ ಪರೀಕ್ಷೆ, ಮೆಟ್ರಿಕ್ ಪರೀಕ್ಷೆ ಅಂತ ಇನ್ನೊಂದು, ಮದ್ರಾಸಿಗೆ ಸೇರಿದ್ದ ಮಂಗಳೂರಿನ ಕಡೆ ಮತ್ತೊಂದು. ನಿಜಾಮರ ಕಾಲದಲ್ಲಿ ಕಲಬುರಗಿ, ರಾಯಚೂರು ಕಡೆ ಸರ್ಕಾರಿ ಹೈಸ್ಕೂಲೆಂದರೆ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತ ತಲೆಮಾರು ಈಗ ಹೆಚ್ಚುಕಮ್ಮಿ ಮುಗಿಯುತ್ತಾ ಬಂದಿದೆ. ಮೈಸೂರಿನ ರಾಮಸ್ವಾಮಿ ವೃತ್ತ ಎಲ್ಲರಿಗೂ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡೇಟಿಗೆ ಜೀವ ಬಿಟ್ಟ ವಿದ್ಯಾರ್ಥಿಯ ಹೆಸರು ಅದು. ಆ ದಿನಗಳಲ್ಲಿ ಸಣ್ಣ ಊರುಗಳಲ್ಲಿ ಕ್ಲಾಸು ಬಿಟ್ಟು ಹೊರಟ ಹುಡುಗರ ಹೆಸರು ಹೇಳುವ ವೃತ್ತ ಇಲ್ಲ. ಉಳಿದಿದ್ದರೆ ಒಂದು ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರುಹಾಜರಿ ಗುರುತು ಉಳಿದಿರಬೇಕು.

ಸುವರ್ಣ ಮಹೋತ್ಸವ, ಅಮೃತ ಮಹೋತ್ಸವ ಅಂತ ಶಾಲೆಗಳು ಸ್ಮರಣ ಸಂಚಿಕೆ ತರುತ್ತವೆ. ಒಳ್ಳೆಯದೇ. ಆದರೆ ಅರ್ಧ ಪುಸ್ತಕ ಸಂದೇಶ ಮತ್ತು ದಾನಿಗಳ ಫೋಟೋಗಳಿಗೇ ಹೋಗುತ್ತೆ, ಇನ್ನರ್ಧ ರ‍್ಯಾಂಕ್ ಬಂದವರಿಗೆ. ಫೇಲಾದವರು, ನಡುವೆ ಬಿಟ್ಟವರು, ಬೆಳಿಗ್ಗೆ ಬಾಗಿಲು ತೆರೆದು ಮೂವತ್ತು ವರ್ಷ ಗಂಟೆ ಹೊಡೆದ ಜವಾನರು, ಅವರ ಒಂದು ಸಾಲೂ ಇರುವುದಿಲ್ಲ. ಶಾಲೆಯ ಇತಿಹಾಸದಲ್ಲಿ ಜಾಸ್ತಿ ಜಾಗ ಸಿಗಬೇಕಾದ್ದು ಅವರಿಗೆ ಅಂತ ನಾನು ನಂಬಿದ್ದೇನೆ.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಯಾವ ಹಳೇ ಹೈಸ್ಕೂಲ್ ಕಟ್ಟಡ ಒಡೆಯುವ ಮುಂಚೆಯೂ ಅಲ್ಲಿರುವ ಕಾಗದಗಳ ಒಂದು ಪಟ್ಟಿ ಮಾಡಿಸಲಿ. ಇಂತಿಷ್ಟು ವರ್ಷದ ಮೇಲೆ ನಾಶ ಮಾಡಬಹುದು ಅಂತ ನಿಯಮ ಇದ್ದರೂ, ಐವತ್ತು ವರ್ಷ ದಾಟಿದ ಲಾಗ್ ಬುಕ್ಕು, ಇನ್ಸ್‌ಪೆಕ್ಟರ್ ಭೇಟಿಯ ಪುಸ್ತಕ, ಹಾಜರಿ ಪುಸ್ತಕಗಳನ್ನು ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಸಲ ತೋರಿಸದೆ ಮಾರುವಂತಿಲ್ಲ ಅಂತ ಆದೇಶ ಮಾಡಲಿ. ಸ್ಕ್ಯಾನ್ ಮಾಡಿಸಲಿ, ಆದರೆ ಹಾಗೇ ಇಂಟರ್‌ನೆಟ್‌ಗೆ ಹಾಕುವುದು ಬೇಡ. ಅದರಲ್ಲಿ ಜನರ ಜಾತಿ ಇದೆ, ಮನೆಯ ಕಷ್ಟ ಇದೆ, ನನ್ನ ಗೆಳತಿಯ ಆ ಕೆಂಪು ಪದ ಇದೆ. ಹೆಸರು ಮರೆಮಾಡಿ ಅಧ್ಯಯನ ಮಾಡುವವರಿಗೆ ಕೊಡಬಹುದು. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸಮಾಜ ವಿಜ್ಞಾನದ ಪ್ರಾಜೆಕ್ಟ್ ಅಂತ ಹೇಗೂ ಏನಾದರೂ ಕೊಡುತ್ತಾರೆ. ಊರಿನಲ್ಲಿರುವ ಹಳೇ ವಿದ್ಯಾರ್ಥಿಗಳನ್ನು ಮಾತಾಡಿಸಿ ಬರೆದುಕೊಂಡು ಬನ್ನಿ ಅಂತ ಕಳಿಸಲಿ. ಎಂಬತ್ತು ದಾಟಿದವರಿಂದ ಶುರು ಮಾಡಲಿ, ಅವರಿಗೆ ಕಾಯುವಷ್ಟು ಸಮಯ ಇಲ್ಲ.

ನಾನು ಬೇಡಿಕೊಂಡ ಮೇಲೆ ಮುಖ್ಯ ಶಿಕ್ಷಕಿ ಚೀಲಗಳನ್ನು ಸದ್ಯಕ್ಕೆ ವಿಜ್ಞಾನ ಲ್ಯಾಬಿನ ಮೂಲೆಗೆ ಸರಿಸಿದ್ದಾರೆ. ಅವರಿಗೆ ನನ್ನ ಕೃತಜ್ಞತೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಬಂದು ನೋಡಬೇಕು. ಲ್ಯಾಬಿನ ಸೂರೂ ಸೋರುತ್ತೆ.

ಇಂತಿ,
1984ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಒಬ್ಬ ವಿದ್ಯಾರ್ಥಿನಿ